ಟೆಕ್ಸಾಸ್ ರೈತರ ಎಕ್ಸ್‌ಚೇಂಜ್, ಡಲ್ಲಾಸ್: ಮಾರಾಟ ಸೊಗಸು, ಉದ್ರಿ ಸೋಲು

ಟೆಕ್ಸಾಸಿನ ರೈತ ಸಂಘಟನೆ ಫಾರ್ಮರ್ಸ್ ಅಲಯನ್ಸ್ 1887ರಲ್ಲಿ ಡಲ್ಲಾಸ್‌ನಲ್ಲಿ ತೆರೆದ ಎಕ್ಸ್‌ಚೇಂಜ್‌ಗೆ ಎರಡು ಕೆಲಸ: ರೈತರ ಹತ್ತಿಯನ್ನು ಒಟ್ಟಾಗಿ ಮಾರುವುದು, ನೇಗಿಲು, ಗಾಡಿ, ದಿನಸಿಯನ್ನು ಸಗಟಿನಲ್ಲಿ ಕೊಂಡು ಕೊಡುವುದು.

ಮಾರಾಟದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಊರಲ್ಲೇ ಹತ್ತಿಯ ಪ್ರತಿ ಅಂಡಿಗೆಯಿಂದ (ಮೂಟೆಯಿಂದ) ಮಾದರಿ ತೆಗೆದು, ತೂಕದ ಚೀಟಿ ಕಟ್ಟಿ ಡಲ್ಲಾಸ್‌ಗೆ ಕಳಿಸುತ್ತಿದ್ದರು. ಖರೀದಿದಾರರು ಅಲ್ಲೇ ನೋಡಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದರು. ಊರಿನ ದಲ್ಲಾಳಿಗೆ ಇದರಲ್ಲಿ ಜಾಗವೇ ಇರಲಿಲ್ಲ.

ಸಗಟು ಖರೀದಿಯಿಂದ ಲಾಭವಾದದ್ದು ಕೈಯಲ್ಲಿ ನಗದು ಇದ್ದವರಿಗೆ ಮಾತ್ರ. ಬಹುಪಾಲು ರೈತರ ಬೆಳೆ ಬಿತ್ತನೆಗೆ ಮೊದಲೇ ಅಂಗಡಿಯವನಿಗೆ ಅಡವಾಗಿರುತ್ತಿತ್ತು. ಉದ್ರಿ ಬೆಲೆ ನಗದು ಬೆಲೆಗಿಂತ ಎಷ್ಟೋ ಸಲ ಕಾಲು ಭಾಗಕ್ಕೂ ಹೆಚ್ಚು. ಆ ಕುಣಿಕೆ ಬಿಡಿಸಲೆಂದೇ ಅಲಯನ್ಸ್ ನಾಯಕ ಚಾರ್ಲ್ಸ್ ಮಕ್ಯೂನ್ ಜಂಟಿ ನೋಟಿನ ಯೋಜನೆ ತಂದರು. ಒಂದೂರಿನ ಸದಸ್ಯರು ಆ ವರ್ಷ ಬೇಕಾದ ಸಾಮಾನಿನ ಪಟ್ಟಿ ಮಾಡಿ, ಭೂಮಿ ಮತ್ತು ಬೆಳೆಯ ಅಂದಾಜು ಬರೆದು, ಒಂದೇ ಪ್ರಾಮಿಸರಿ ನೋಟಿಗೆ (ಸಾಲ ತೀರಿಸುವ ಲಿಖಿತ ವಾಗ್ದಾನಕ್ಕೆ) ಎಲ್ಲರೂ ಸಹಿ ಹಾಕಬೇಕು. ಎಕ್ಸ್‌ಚೇಂಜ್ ಆ ನೋಟುಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ತಂದು ಸಾಮಾನು ಕೊಳ್ಳಬೇಕು. ಹತ್ತಿ ಮಾರಿದಾಗ ಸಾಲ ತೀರಬೇಕು. ಭೂಮಿಯುಳ್ಳವನು ಗೇಣಿದಾರನಿಗೆ ತನ್ನ ಹೊಲವನ್ನೇ ಜಾಮೀನು ನಿಲ್ಲಿಸಿದ್ದು ಈ ಸೇವೆಯ ಅತಿ ದೊಡ್ಡ ಗುಣ.

ದೋಷ ಬಂಡವಾಳದಲ್ಲಿತ್ತು. ಸದಸ್ಯರಿಂದ ತಲಾ 2 ಡಾಲರ್‌ನಂತೆ 5 ಲಕ್ಷ ಕೂಡಿಸುವ ಲೆಕ್ಕ. 1888ರ ವಸಂತದಲ್ಲಿ ಸಾಲಕ್ಕೆ ಹೊರಟಾಗ ಅದರ ಹತ್ತನೇ ಒಂದು ಭಾಗವೂ ಕೈಸೇರಿರಲಿಲ್ಲ. ಬಹುತೇಕ ಬ್ಯಾಂಕುಗಳು ನೋಟುಗಳನ್ನು ಒತ್ತೆಯಾಗಿ ಒಪ್ಪಲಿಲ್ಲ. ಅಷ್ಟರಲ್ಲಿ ಸಾಮಾನಿಗೆ ಆರ್ಡರ್ ಹೋಗಿಯಾಗಿತ್ತು. ಜೂನ್ 9ರಂದು ರೈತರು ರಾಜ್ಯದುದ್ದಕ್ಕೂ ಕೋರ್ಟುಗಳ ಮುಂದೆ ಸೇರಿ ಹಣ ಕೊಡುವ ಮಾತು ಕೊಟ್ಟರು. ಬಂದ ದುಡ್ಡು ಸಾಲಲಿಲ್ಲ. 1889ರಲ್ಲಿ ಬಾಗಿಲು ಮುಚ್ಚಿತು. ಸಾಲದ ಮೂಲ ಖಚಿತವಾಗುವ ಮುನ್ನ ಸಾಮಾನು ತರಿಸಬಾರದಿತ್ತು ಎನ್ನುವುದು ನ್ಯಾಯವಾದ ಟೀಕೆ. ಆದರೆ ಸುಗ್ಗಿಯವರೆಗೂ ಕಾಸು ಕಾಣದವರಿಂದ ಮೊದಲೇ ಬಂಡವಾಳ ಎಲ್ಲಿಂದ ಬರಬೇಕು?

ಸೆಣಬಿನ ತಟ್ಟಿನ ಬಹಿಷ್ಕಾರದ ಜೊತೆ ಇದನ್ನು ಹೋಲಿಸಿ ನೋಡಿ. ಅಂಡಿಗೆಗೆ ಸುತ್ತುವ ತಟ್ಟಿನ ತಯಾರಕರು 1888ರಲ್ಲಿ ಕೂಟ ಕಟ್ಟಿ ಬೆಲೆ ಏರಿಸಿದಾಗ (ಸೆಣಬು ನಮ್ಮ ಬಂಗಾಳದ್ದು), ಅಲಯನ್ಸ್ ರೈತರು ಹತ್ತಿ ಬಟ್ಟೆಯನ್ನೇ ಸುತ್ತಿದರು. ಬಟ್ಟೆ ಹಗುರ, ಮಾರಾಟ ಹೊದಿಕೆ ಸಮೇತ ತೂಕಕ್ಕೆ; ಆ ನಷ್ಟ ತಿಂದರೂ ಹೋರಾಡಿ ಕೂಟವನ್ನು ಮಣಿಸಿದರು. ಅಲ್ಲಿ ಬ್ಯಾಂಕಿನ ಒಪ್ಪಿಗೆ ಬೇಕಿರಲಿಲ್ಲ.

ಹಾಗಾಗಿ ಮಕ್ಯೂನ್ 1889ರ ಡಿಸೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮುಂದಿಟ್ಟ ಉಪಖಜಾನೆ ಯೋಜನೆಯಲ್ಲಿ ಬ್ಯಾಂಕನ್ನೇ ಬದಿಗಿಟ್ಟರು: ಬೆಳೆ ಸರ್ಕಾರಿ ಗೋದಾಮಿಗೆ, ಅದರ ಬೆಲೆಯ ಶೇ 80ರಷ್ಟು ಸಾಲ, ವರ್ಷಕ್ಕೆ ಶೇ 1 ಬಡ್ಡಿ. ಹಳೆಯ ಪಕ್ಷಗಳು (ಡೆಮಾಕ್ರಟಿಕ್, ರಿಪಬ್ಲಿಕನ್) ಇದನ್ನು ಕೈಬಿಟ್ಟವು. 1892ರ ಜುಲೈನಲ್ಲಿ ಒಮಾಹಾದಲ್ಲಿ ಸೇರಿದ ಹೊಸ ಪಕ್ಷ ಪೀಪಲ್ಸ್ ಪಾರ್ಟಿ ಇದನ್ನು ತನ್ನ ಬೇಡಿಕೆಗಳಲ್ಲಿ ಸೇರಿಸಿಕೊಂಡಿತು. ಅದರ ಅಧ್ಯಕ್ಷ ಪದವಿಯ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಆ ವರ್ಷ 10 ಲಕ್ಷಕ್ಕೂ ಹೆಚ್ಚು ಮತ ಬಿದ್ದವು.