ಪೆರಿಡಾಟ್: ಕಿವಿಗೆ ಸೈ, ಬೆರಳಿಗೆ ಜೋಪಾನ

ಹಸಿರು ಹರಳು ಬೇಕು, ಬಿರುಕು ಮರೆಸಲು ಎಣ್ಣೆ ಕುಡಿಸಿದ ಪಚ್ಚೆ ಬೇಡ ಎನ್ನುವವರಿಗೆ ಪೆರಿಡಾಟ್ ಒಳ್ಳೆಯ ಆಯ್ಕೆ. ಇದರ ಬಣ್ಣ ಕಾಯಿಸಿ ಬರಿಸಿದ್ದಲ್ಲ. ಪಚ್ಚೆಗೆ ಹಸಿರು ಬರುವುದು ಎಳ್ಳಷ್ಟು ಬೆರೆತ ಕ್ರೋಮಿಯಂ, ವೆನೇಡಿಯಂನಿಂದ. ಪೆರಿಡಾಟ್‌ನಲ್ಲಿ ಆ ಕೆಲಸ ಮಾಡುವ ಕಬ್ಬಿಣ ಖನಿಜದ ಮೈಯಲ್ಲೇ ಇದೆ. ಇದು ಆಲಿವೀನ್, ಅಂದರೆ ಮೆಗ್ನೀಸಿಯಂ-ಕಬ್ಬಿಣದ ಸಿಲಿಕೇಟ್. ಕಬ್ಬಿಣ ಅತಿಯಾದರೆ ಹರಳು ಕಂದಿಗೆ ತಿರುಗುತ್ತದೆ. ಅಂಥದ್ದನ್ನು ಬಿಡಿ, ಎಳೆ ಹುಲ್ಲಿನ ಹಸಿರನ್ನೇ ಆರಿಸಿ.

ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಎಂಬ ಪದರದ ಮೇಲ್ಭಾಗದಲ್ಲಿ ಬಹುಪಾಲು ಆಲಿವೀನೇ. ಆದರೂ ಆಭರಣಕ್ಕೆ ತಕ್ಕ ಹರಳು ಕಡಿಮೆ, ಏಕೆಂದರೆ ಈ ಖನಿಜಕ್ಕೆ ನೆಲದ ಮೇಲಿನ ನೀರು-ಗಾಳಿ ಒಗ್ಗುವುದಿಲ್ಲ: ಸರ್ಪೆಂಟೈನ್ ಎಂಬ ಬೇರೆ ಖನಿಜವಾಗಿಯೋ ಜೇಡಿಯಾಗಿಯೋ ಕೆಡುತ್ತದೆ. ಅಮೆರಿಕದ ಅರಿಜೋನಾದ ಸ್ಯಾನ್ ಕಾರ್ಲೋಸ್‌ನ ಹರಳುಗಳು ಬಸಾಲ್ಟ್ ಶಿಲಾರಸ ಹೊತ್ತು ತಂದ ಮ್ಯಾಂಟಲ್ ತುಣುಕುಗಳಲ್ಲಿ ಸಿಗುತ್ತವೆ, ಹೆಚ್ಚಿನವು ಚಿಕ್ಕವು. ಪಾಕಿಸ್ತಾನದ ಕೋಹಿಸ್ತಾನದಲ್ಲಿ, ಕೆಂಪು ಸಮುದ್ರದ ಝಬರ್ಗದ್ ದ್ವೀಪದಲ್ಲಿ ಭೂಚಲನೆಯಿಂದ ಮೇಲೆದ್ದ ಮ್ಯಾಂಟಲ್ ಬಂಡೆಯ ಬಿರುಕುಗಳೊಳಗೆ ಬೆಳೆದವು ದೊಡ್ಡವು. ಗಾತ್ರ ಬೇಕಿದ್ದರೆ ಈ ಬಗೆಯದನ್ನೇ ಕೇಳಬೇಕು.

ಕೊಳ್ಳುವಾಗ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಇರಲಿ. ಹರಳಿನ ಮೇಲ್ಮುಖದಿಂದ ಹಿಂಬದಿಯ ಕತ್ತರಿಸಿದ ಮುಖಗಳ ಅಂಚು ನೋಡಿದರೆ ಒಂದೊಂದೂ ಎರಡಾಗಿ ಕಾಣಬೇಕು, ಏಕೆಂದರೆ ಬೆಳಕನ್ನು ಎರಡಾಗಿ ಸೀಳುವ ಗುಣ (ದ್ವಿವಕ್ರೀಭವನ) ಇದರಲ್ಲಿ 0.036ರಷ್ಟಿದೆ. ಒಂದೇ ಕೋನದಲ್ಲಿ ನೋಡಿ ತೀರ್ಮಾನಿಸಬೇಡಿ, ಕೆಲವು ದಿಕ್ಕಿನಲ್ಲಿ ಅಂಚು ಒಂದೇ ಆಗಿರುತ್ತದೆ. ಹಸಿರು ಗಾಜಿನಲ್ಲಿ ಎಷ್ಟು ತಿರುಗಿಸಿದರೂ ಎರಡಾಗದು. ಜಿರ್ಕಾನ್, ಮೊಯ್ಸನೈಟ್‌ಗಳಲ್ಲೂ ಅಂಚು ಎರಡಾಗುವುದರಿಂದ ದುಬಾರಿ ಹರಳಿಗೆ ವಕ್ರೀಭವನಾಂಕವನ್ನೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಅಳೆಸಿ: 1.65ರಿಂದ 1.69ರ ನಡುವೆ ಬರಬೇಕು. ಒಳಗೆ ತಾವರೆ ಎಲೆಯಂಥ ದುಂಡು ಬಿರುಕು, ನಡುವೆ ಕ್ರೋಮೈಟ್ ಎಂಬ ಖನಿಜದ ಕಪ್ಪು ಚುಕ್ಕೆ ಇದ್ದರೆ ಅದು ಅಸಲಿನ ಗುರುತೇ (ನೋಡಲೂ ಚೆಂದ). ಬಿರುಕು ಮೇಲ್ಮೈಗೆ ತಲುಪಿದ್ದರೆ ಮಾತ್ರ ಬೇಡ.

ಇದರ ಸೋಲು ಉಂಗುರದಲ್ಲಿ. ಗಡಸುತನ (1ರಿಂದ 10ರ ಮೋಸ್ ಅಳತೆಯಲ್ಲಿ) 6.5ರಿಂದ 7, ಧೂಳಿನಲ್ಲಿರುವ ಬೆಣಚುಕಲ್ಲಿನದು 7. ಒಣಬಟ್ಟೆಯಲ್ಲಿ ಒರೆಸುತ್ತಲೇ ಇದ್ದರೆ ಅಂಚುಗಳು ಸವೆದು ಹೊಳಪು ಮಂಕಾಗುತ್ತದೆ. ನಾಲ್ಕು ಹಲ್ಲಿನ ಹಿಡಿತಕ್ಕಿಂತ ಸುತ್ತಲೂ ಲೋಹದ ಅಂಚು ಕಟ್ಟಿಸುವುದು ಮೇಲು. ರಿಪೇರಿಗೆ ಕೊಟ್ಟಾಗ ಹರಳು ಬಿಚ್ಚಿಯೇ ಬೆಸುಗೆ ಹಾಕಲು ಹೇಳಿ: ಬೆಂಕಿಯ ಏರುಪೇರಿಗೆ ಸೀಳುತ್ತದೆ, ಆಮೇಲೆ ಆಭರಣ ಅದ್ದುವ ಆಮ್ಲ ಹೊಳಪನ್ನು ತಿನ್ನುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿ, ಹಬೆ ಎರಡೂ ಕೂಡದು. ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬ್ರಷ್ ಸಾಕು. ಓಲೆ, ಪದಕಕ್ಕೆ ಇಷ್ಟೆಲ್ಲ ಚಿಂತೆಯಿಲ್ಲ.