ಒಬ್ಬರೇ ಬೆಟ್ಟ ಹತ್ತುವವರಿಗೆ ಅರ್ಧ ಲೀಟರ್ ಫ್ಲಾಸ್ಕು

ಒಬ್ಬರೇ ಬೆಟ್ಟ ಹತ್ತುವುದಾದರೆ ಒಂದು ಲೀಟರಿನ ಫ್ಲಾಸ್ಕು ದಂಡ, ಸುಮ್ನೆ ಹೊರೆ. ಅರ್ಧ ಲೀಟರಿನಲ್ಲಿ ಮೂರು ಲೋಟ ಟೀ ಆಗುತ್ತದೆ, ಅಷ್ಟು ಸಾಕು. ನಾನು ಚಿಕ್ಕಮಗಳೂರಿನ ಪಾತ್ರೆ ಅಂಗಡಿಯಲ್ಲಿ ತಗೊಂಡಿದ್ದು ಎರಡು ಪದರದ ಸ್ಟೀಲಿನದು. ತಿರುಗಿಸುವ ಬಿರಡೆ, ಅದರ ಮೇಲೆ ಲೋಟದಂತೆ ಬಳಸುವ ಮುಚ್ಚಳ. ಕಾಫಿ ಸೀಮೆಯಲ್ಲಿ ಹುಟ್ಟಿ ಟೀ ಹೊತ್ಕೊಂಡು ಹೋಗ್ತೀಯಲ್ಲ ಅಂತ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಬಿಸಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದೇ ಮುಖ್ಯ ಅಲ್ವಾ? ಡಬ್ಬದ ಮೇಲೆ 24 ಗಂಟೆ ಅಂತ ಬರೆದಿದೆ, ನಂಬಬೇಡಿ. ಬೆಳಿಗ್ಗೆ ಐದಕ್ಕೆ ತುಂಬಿದ್ದು ಹತ್ತು ಗಂಟೆಗೆ ಊದಿ ಕುಡಿಯುವಷ್ಟು ಬಿಸಿ ಇರುತ್ತದೆ. ಮಧ್ಯಾಹ್ನ ದಾಟಿದರೆ ಬರೀ ಬೆಚ್ಚಗೆ. ಅದೂ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದರೆ, ಆಮೇಲೆ ಟೀಯನ್ನು ಕಂಠದವರೆಗೂ ತುಂಬಿದರೆ ಮಾತ್ರ.

ನಾನು ಹತ್ತುವ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಟೀ ಕಡಕ್ಕಾಗಿ ಇಳಿಯುವುದಿಲ್ಲ. ಮೇಲಾಗಿ ಒಣಹುಲ್ಲಿನ ಬೆಟ್ಟದಲ್ಲಿ ಒಲೆ ಹಚ್ಚುವುದು ಹುಚ್ಚಾಟ. ಮನೆಯಲ್ಲೇ ಕುದಿಸಿ ಒಯ್ಯುವುದೇ ಸರಿ.

ನಾನು ಹತ್ತುವುದು ಸರ್ಪದಾರಿ ಅನ್ನುವ ಕಾಲುದಾರಿಯಲ್ಲಿ. ಜೀಪುಗಳು ಇನ್ನೊಂದು ಕಡೆಯಿಂದ ತುದಿಗೆ ಹತ್ತುವ ಮೆಟ್ಟಿಲಿನ ಹತ್ತಿರಕ್ಕೇ ಬರುತ್ತವೆ, ಹಾಗಾಗಿ ಗಲಾಟೆಯೆಲ್ಲ ಆ ಕಡೆ. ವಾರದ ನಡುವೆ ಬಂದರೆ ಈ ಏರಿನಲ್ಲಿ ಮಾತಾಡಿಸುವವರೇ ಇಲ್ಲ. ಎಲ್ಲಿ ಬೇಕೋ ಅಲ್ಲಿ ಬಂಡೆ ಮೇಲೆ ಕೂರಬಹುದು. ಬಿರಡೆ ತಿರುಗಿಸಿದರೆ ಸುಯ್ ಅನ್ನುತ್ತದೆ. ಬಗ್ಗಿಸುವಾಗ ಗಾಳಿ ಹಬೆಯನ್ನೆಲ್ಲ ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ಶುಂಠಿ ವಾಸನೆ ಒಮ್ಮೆ ಮೂಗಿಗೆ ಹೊಡೆದು ಹೋಗಿಬಿಡುತ್ತದೆ. ಮೋಡ ಬಂದರೆ ಎದುರಿನ ಗುಡ್ಡ, ಕಣಿವೆಯ ಶೋಲಾ ಕಾಡು ಎರಡೂ ಮಾಯ. ಅದು ಸರಿಯುವ ತನಕ ಕೂತಿರಬಹುದು. ಬೇಗ ನಡಿ ಅನ್ನುವವರಿಲ್ಲ, ಉಳಿದ ಟೀ ಆರಿಹೋಗುವ ಚಿಂತೆಯೂ ಇಲ್ಲ. ಕೊಟ್ಟ ದುಡ್ಡು ಇಲ್ಲಿಗೇ ವಸೂಲಾಯಿತು.

ತಕರಾರುಗಳೂ ಇವೆ. ಮುಚ್ಚಳದ ಲೋಟ ಒಂದೇ ಪದರದ್ದು. ಮೊದಲು ತುಟಿ ಸುಡುತ್ತದೆ, ಎರಡೇ ನಿಮಿಷಕ್ಕೆ ಟೀ ತಣ್ಣಗಾಗುತ್ತದೆ. ಅರ್ಧರ್ಧ ಲೋಟ ಬಗ್ಗಿಸಿಕೊಳ್ಳಬೇಕು. ಹಾಲಿನ ಟೀ ಹಾಕಿದರೆ ಮೂರ್ನಾಲ್ಕು ಗಂಟೆಗೆ ಒಂಥರಾ ಹಳಸಲು ರುಚಿ, ಹಾಗಾಗಿ ಹಾಲು ಬಿಟ್ಟು ಶುಂಠಿ, ಬೆಲ್ಲದ ಟೀ ಒಯ್ಯುತ್ತೇನೆ. ಬಿರಡೆಯ ರಬ್ಬರ್ ವಾಷರ್ ವಾಸನೆ ಹಿಡಿದುಕೊಳ್ಳುತ್ತದೆ. ಚಮಚದ ಹಿಡಿಯಿಂದ ಎಬ್ಬಿಸಿ, ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ರಾತ್ರಿ ನೆನೆಸಿದರೆ ಹೋಗುತ್ತದೆ. ಗುಂಡಿ ಒತ್ತಿದರೆ ಸುರಿಯುವ ಬಿರಡೆಯದ್ದಂತೂ ಬೇಡವೇ ಬೇಡ, ಅದರ ಸಂದಿ ತೊಳೆಯುವುದು ಯಾರಿಂದಲೂ ಆಗದು.

ಆರುನೂರು ಚಿಲ್ಲರೆ ಕೊಟ್ಟೆ. ಕೊಳ್ಳುವಾಗ ವಾಷರ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿಕೊಳ್ಳಿ. ನಾನು ಕೊಂಡ ಅಂಗಡಿಯಲ್ಲಿ ಇರಲಿಲ್ಲ.