ಲಕ್ನೋನಾ, ಕಾಶಿನಾ?
ಎರಡೇ ದಿನ ರಜಾ ಇರೋದು ಅಂದ್ರೆ, ಹಿಸ್ಟರಿ ಇಷ್ಟಪಡೋರಿಗೆ ನಾನು ಲಕ್ನೋನೇ ಹೇಳೋದು. 1775ರಲ್ಲಿ ನವಾಬ ಆಸಫ್-ಉದ್-ದೌಲಾ ಫೈಜಾಬಾದಿಂದ ರಾಜಧಾನಿ ಇಲ್ಲಿಗೆ ತಂದ, ಆಮೇಲೆ 1784ರ ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗ್ಲಿ ಅಂತ ಬಡಾ ಇಮಾಂಬಾಡಾ (ಶಿಯಾ ಮುಸ್ಲಿಮರು ಮೊಹರಂಗೆ ಸೇರೋ ಭವನ) ಕಟ್ಸೋಕೆ ಶುರು ಮಾಡ್ದ, ಅಷ್ಟು ದೊಡ್ಡ ಹಾಲಲ್ಲಿ ಮಧ್ಯೆ ಒಂದು ಕಂಬಾನೂ ಇಲ್ಲ, ಮೇಲಿರೋ ಭೂಲ್ ಭುಲಯ್ಯಾ ಅನ್ನೋ ದಾರಿ ತಪ್ಪಿಸೋ ಓಣಿಗಳ ಜಾಲಕ್ಕೆ ಗೈಡ್ ಇಲ್ದೆ ಹೋಗ್ಲೇಬೇಡಿ. ಬ್ರಿಟಿಷ್ ಅಧಿಕಾರಿ ಇರ್ತಿದ್ದ ರೆಸಿಡೆನ್ಸಿ ಗೋಡೆಗಳ ಮೇಲೆ 1857ರ ದಂಗೆಯ ಗುಂಡಿನ ಗುರುತು ಇನ್ನೂ ಹಂಗೇ ಇವೆ, ಹತ್ರ ನಿಂತು ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಕಾಶಿ ಬೇರೆನೇ. ಅಪ್ಪ ಅಮ್ಮ ಜೊತೆಗಿದ್ರೆ ಅಲ್ಲಿಗೇ ಹೋಗಿ. ಬೆಳಗಿನ ಜಾವ ದೋಣಿಲಿ ಕೂತು ಘಾಟ್‌ಗಳನ್ನ ನೋಡ್ಬೇಕು, ನಮ್ಮೋರಿಗೆ ಜಂಗಮವಾಡಿ ಅನ್ನೋ ವೀರಶೈವ ಮಠಾನೂ ಇದೆ. ಆದ್ರೆ ಮಂಡಿನೋವು ಇರೋರಿಗೆ ಆ ಮೆಟ್ಲು ಹತ್ತಿಳಿಯೋದು ನಿಜವಾಗ್ಲೂ ಕಷ್ಟ, ಅದೊಂದು ಮೊದ್ಲೇ ಯೋಚ್ನೆ ಮಾಡ್ಕೊಳ್ಳಿ. ಕಬಾಬ್, ಚಿಕನ್‌ಕಾರಿ ಅನ್ನೋ ಕಸೂತಿ ಬಟ್ಟೆ ಬೇಕಾ, ಲಕ್ನೋ ಚೌಕ್.